20 ಪೌಂಡ್ ನೋಟಿನ ಮೇಲಿರುವ ಟರ್ನರ್ ಯಾರು?

ಇಂಗ್ಲೆಂಡಿನಲ್ಲಿ ಓದುವ ಮಗನೋ ಮಗಳೋ ಇರುವ ಮನೆಗಳಲ್ಲಿ ಈ ನೋಟು ಒಮ್ಮೆಯಾದರೂ ಕೈಗೆ ಬಂದಿರುತ್ತದೆ. ನೇರಳೆ ಬಣ್ಣದ 20 ಪೌಂಡ್ ನೋಟು. ಕಾಗದದ್ದಲ್ಲ, ಪಾಲಿಮರ್‌ದು. ಒಂದು ಬದಿಯಲ್ಲಿ ರಾಣಿ ಎಲಿಜಬೆತ್, ಈಚಿನ ನೋಟಾದರೆ ರಾಜ ಚಾರ್ಲ್ಸ್. ತಿರುಗಿಸಿದರೆ ಕುತ್ತಿಗೆಗೆ ಬಿಳಿ ಬಟ್ಟೆ ಸುತ್ತಿಕೊಂಡ ಒಬ್ಬ ಯುವಕ ನೇರ ನಮ್ಮನ್ನೇ ನೋಡುತ್ತಿರುತ್ತಾನೆ. ಅವನು ರಾಜನೂ ಅಲ್ಲ, ಸೇನಾಪತಿಯೂ ಅಲ್ಲ. ಚಿತ್ರ ಬರೆದು ಬದುಕಿದವನು. ಅದರಲ್ಲೂ ಜಾಸ್ತಿ ಬರೆದದ್ದು ಬೆಟ್ಟ, ನದಿ, ಸಮುದ್ರ, ಆಕಾಶ.

ಹೆಸರು ಜೋಸೆಫ್ ಮ್ಯಾಲರ್ಡ್ ವಿಲಿಯಂ ಟರ್ನರ್. ಹುಟ್ಟಿದ್ದು 1775ರಲ್ಲಿ, ತೀರಿಕೊಂಡದ್ದು 1851ರಲ್ಲಿ. 2025ಕ್ಕೆ ಅವನು ಹುಟ್ಟಿ 250 ವರ್ಷ ತುಂಬಿತು. ಹಾಗಾಗಿ ಆ ವರ್ಷ ಅವನ ಹೆಸರು ಮತ್ತೆ ಎಲ್ಲ ಕಡೆ ಕೇಳಿಬಂತು. ‘ದೊಡ್ಡ ಕಲಾವಿದ’ ಎಂದು ಎಲ್ಲರೂ ಹೇಳುತ್ತಾರೆ. ಆದರೆ ಯಾಕೆ ದೊಡ್ಡವನು ಎಂದು ಕೇಳಿದರೆ ಉತ್ತರ ಸುಲಭವಾಗಿ ಸಿಗುವುದಿಲ್ಲ.

ನೋಟಿನ ಆ ಬದಿಯಲ್ಲಿ ಮುಖ್ಯವಾಗಿ ನಾಲ್ಕು ಇವೆ: ಒಂದು ಮುಖ, ಒಂದು ಹಡಗು, ಒಂದು ಸಾಲು, ಒಂದು ಸಹಿ. ಅವನ್ನೇ ಹಿಡಿದುಕೊಂಡು ಹೋಗೋಣ. ಅದಕ್ಕೆ ಮುಂಚೆ ಒಂದು ಮೂಲ ವಿಷಯ ತಿಳಿದುಕೊಳ್ಳಬೇಕು.

ಸೀನರಿ ಎಂದರೆ ಯಾಕೆ ಕೀಳಾಗಿತ್ತು?

ಶಾಲೆಯಲ್ಲಿ ಡ್ರಾಯಿಂಗ್ ಮೇಷ್ಟ್ರು ‘ಸೀನರಿ ಬಿಡಿಸಿ’ ಅಂದರೆ ನಾವೆಲ್ಲ ಬಿಡಿಸಿದ್ದು ಒಂದೇ. ಎರಡು ಬೆಟ್ಟ, ನಡುವೆ ಅರ್ಧ ಸೂರ್ಯ, ಅಲ್ಲಿಂದ ಇಳಿದು ಬರುವ ಹೊಳೆ, ದಡದಲ್ಲಿ ಗುಡಿಸಲು, ಪಕ್ಕದಲ್ಲಿ ತೆಂಗಿನಮರ. ಇದನ್ನೇ ಪುಸ್ತಕದ ಕನ್ನಡದಲ್ಲಿ ನಿಸರ್ಗಚಿತ್ರ ಅಥವಾ ಭೂದೃಶ್ಯ ಎನ್ನುತ್ತಾರೆ. ಇಂಥ ಚಿತ್ರದಲ್ಲಿ ಮನುಷ್ಯರು ಇರಬಹುದು, ಆದರೆ ಕಥೆ ಅವರದಲ್ಲ. ಜಾಗದ್ದು, ಹವೆಯದ್ದು, ಹೊತ್ತಿನದ್ದು.

ಟರ್ನರ್ ಹುಟ್ಟಿದ ಕಾಲದ ಯುರೋಪಿನಲ್ಲಿ ಚಿತ್ರಗಳಿಗೂ ಮೇಲುಕೀಳು ಇತ್ತು. ಬೈಬಲ್ಲಿನ ಕಥೆ, ಪುರಾಣ, ಯುದ್ಧ, ಇವು ಎಲ್ಲಕ್ಕಿಂತ ಮೇಲೆ. ಆಮೇಲೆ ದೊಡ್ಡ ಮನುಷ್ಯರ ಭಾವಚಿತ್ರ. ಅದರ ಕೆಳಗೆ ದಿನನಿತ್ಯದ ಬದುಕು. ಸೀನರಿ ಅದಕ್ಕೂ ಕೆಳಗೆ. ಕಥೆಯ ಚಿತ್ರಕ್ಕೆ ಓದು ಬೇಕು, ಕಲ್ಪನೆ ಬೇಕು. ಸೀನರಿಗೆ ಏನು ಬೇಕು? ಎದುರಿಗೆ ಇರೋದನ್ನು ಸುಮ್ನೆ ನಕಲು ಮಾಡಿದರಾಯ್ತು. ಆಗಿನವರ ವಾದ ಹೀಗಿತ್ತು.

ನಮ್ಮ ಕಂಪನಿ ನಾಟಕಗಳನ್ನು ನೆನೆಸಿಕೊಳ್ಳಿ. ಹಿಂದೆ ಕಾಡಿನ ಪರದೆ, ಅರಮನೆಯ ಪರದೆ ಇಳಿಯುತ್ತಿತ್ತು. ಎಷ್ಟೇ ಚೆನ್ನಾಗಿದ್ದರೂ ಪರದೆ ನೋಡೋಕೆ ಅಂತಲೇ ಟಿಕೆಟ್ ತಗೊಂಡವರು ಕಡಿಮೆ. ಟರ್ನರ್ ಆ ಪರದೆಯನ್ನು ಮುಂದಕ್ಕೆ ತಂದು, ಪಾತ್ರಧಾರಿಗಳನ್ನು ಮೂಲೆಗೆ ಸರಿಸಿದ. 1812ರಲ್ಲಿ ಅವನು ಪ್ರದರ್ಶನಕ್ಕೆ ಇಟ್ಟ ಒಂದು ಚಿತ್ರ ಇದಕ್ಕೆ ಒಳ್ಳೆಯ ಉದಾಹರಣೆ. ಹ್ಯಾನಿಬಲ್ ಎಂಬ ಪ್ರಾಚೀನ ಸೇನಾಪತಿ ತನ್ನ ಸೈನ್ಯದೊಂದಿಗೆ ಆಲ್ಪ್ಸ್ ಪರ್ವತ ದಾಟುವ ಪ್ರಸಂಗ ಅದು. ಚಿತ್ರದ ಮುಕ್ಕಾಲು ಭಾಗ ಸುತ್ತಿ ಸುಳಿಯುವ ಕಪ್ಪು ಹಿಮದ ಬಿರುಗಾಳಿ. ಸೈನಿಕರು ಇರುವೆಗಳಷ್ಟು. ಹ್ಯಾನಿಬಲ್‌ನನ್ನಂತೂ ಹುಡುಕಲೇಬೇಕು. ದೂರದಲ್ಲಿ ಚುಕ್ಕೆಯಷ್ಟು ಒಂದು ಆನೆ ಕಾಣುತ್ತದೆ, ಅಷ್ಟೆ.

ಮುಖ: ಕ್ಷೌರದ ಅಂಗಡಿಯ ಹುಡುಗ

ನೋಟಿನ ಮೇಲಿನ ಮುಖವನ್ನು ಟರ್ನರ್ ತಾನೇ ಬರೆದುಕೊಂಡದ್ದು, ಸುಮಾರು 1799ರಲ್ಲಿ. ಆಗ ಅವನಿಗೆ 24ರ ಆಸುಪಾಸು. ಅವನ ಮೂಗು ದೊಡ್ಡದಿತ್ತು ಎಂದು ಕಂಡವರು ಹೇಳುತ್ತಾರೆ. ಎದುರಿನಿಂದ ಬರೆದರೆ ಮೂಗು ಅಷ್ಟಾಗಿ ಕಾಣುವುದಿಲ್ಲ, ಅಲ್ವಾ?

ಲಂಡನ್‌ನ ಕವೆಂಟ್ ಗಾರ್ಡನ್ ಎಂಬ ಗಿಜಿಗುಡುವ ಮಾರುಕಟ್ಟೆ ಪ್ರದೇಶದ ಮೇಡನ್ ಲೇನ್ ಎಂಬ ಗಲ್ಲಿಯಲ್ಲಿ ಅವನು ಹುಟ್ಟಿದ. ಅಪ್ಪನಿಗೆ ಕ್ಷೌರದ ಅಂಗಡಿ. ಜೊತೆಗೆ ಟೋಪನ್ ಮಾಡುವ ಕೆಲಸ. ಆಗ ಸ್ಥಿತಿವಂತರೆಲ್ಲ ಟೋಪನ್ ಹಾಕುತ್ತಿದ್ದ ಕಾಲ. ಮಗ ಬಿಡಿಸಿದ ಚಿತ್ರಗಳನ್ನು ಅಪ್ಪ ಅಂಗಡಿಯ ಕಿಟಕಿಯಲ್ಲಿ ತೂಗುಹಾಕಿ ಕೆಲವೇ ಶಿಲ್ಲಿಂಗ್‌ಗೆ ಮಾರುತ್ತಿದ್ದ.

ಮನೆಯೊಳಗೆ ಸುಖವಿರಲಿಲ್ಲ. ತಂಗಿ ಚಿಕ್ಕಂದಿನಲ್ಲೇ ಹೋದಳು. ಅಮ್ಮನಿಗೆ ಮಾನಸಿಕ ಕಾಯಿಲೆ. 1800ರಲ್ಲಿ ಆಕೆಯನ್ನು ಬೆಥ್ಲೆಮ್ ಆಸ್ಪತ್ರೆಗೆ ಸೇರಿಸಿದರು, 1804ರಲ್ಲಿ ತೀರಿಕೊಂಡಳು. ಅಪ್ಪ ಮಾತ್ರ ಕೊನೆಯವರೆಗೂ ಮಗನ ಜೊತೆಗೇ ಇದ್ದ. ಕ್ಷೌರದ ಕೆಲಸ ಬಿಟ್ಟ ಮೇಲೆ ಮಗನ ಕ್ಯಾನ್ವಾಸುಗಳನ್ನು ಚೌಕಟ್ಟಿಗೆ ಬಿಗಿಯುವುದು, ಮುಗಿದ ಚಿತ್ರಕ್ಕೆ ವಾರ್ನಿಷ್ ಬಳಿಯುವುದು ಅವನ ಕೆಲಸವಾಯಿತು. ‘ನನ್ನ ಚಿತ್ರ ಶುರು ಮಾಡುವವನೂ ಅಪ್ಪ, ಮುಗಿಸುವವನೂ ಅಪ್ಪ’ ಎಂಬ ತಮಾಷೆ ಹುಟ್ಟಿದ್ದು ಹಾಗೆ. 1829ರಲ್ಲಿ ಅಪ್ಪ ಹೋದಾಗ ಟರ್ನರ್ ಬಹಳ ಕುಗ್ಗಿದ. ಅವನು ಮದುವೆಯಾಗಲೇ ಇಲ್ಲ.

ಕ್ಯಾಮೆರಾ ಇಲ್ಲದ ಕಾಲದ ಕೆಲಸ

ಟರ್ನರ್ 14ನೇ ವಯಸ್ಸಿನಲ್ಲಿ, 1789ರಲ್ಲಿ, ರಾಯಲ್ ಅಕಾಡೆಮಿಯ ಕಲಾಶಾಲೆಗೆ ಸೇರಿದ. ಮರುವರ್ಷವೇ ಅವನ ಒಂದು ಜಲವರ್ಣ ಚಿತ್ರ ಅಕಾಡೆಮಿಯ ಪ್ರದರ್ಶನದಲ್ಲಿ ಗೋಡೆ ಏರಿತು. ಜಲವರ್ಣ ಎಂದರೆ ನೀರಿನಲ್ಲಿ ಕಲಸಿ ಕಾಗದದ ಮೇಲೆ ಹಚ್ಚುವ ಬಣ್ಣ. ತೈಲವರ್ಣ ಎಂದರೆ ಎಣ್ಣೆಯಲ್ಲಿ ಅರೆದು ಕ್ಯಾನ್ವಾಸಿನ ಮೇಲೆ ಹಚ್ಚುವುದು. ನೀರಿನದು ಬೇಗ ಒಣಗುತ್ತದೆ, ಅಗ್ಗ, ಚೀಲದಲ್ಲಿ ಒಯ್ಯಬಹುದು. ಎಣ್ಣೆಯದು ನಿಧಾನ, ದುಬಾರಿ, ಮರ್ಯಾದೆ ಜಾಸ್ತಿ.

ಆಗ ಜಲವರ್ಣದವರಿಗೆ ಒಂದು ಕಾಯಂ ಕೆಲಸವಿತ್ತು. ಹಳೆಯ ಚರ್ಚು, ಪಾಳುಬಿದ್ದ ಕೋಟೆ, ಶ್ರೀಮಂತರ ಬಂಗಲೆಗಳನ್ನು ಇದ್ದ ಹಾಗೆ ಬರೆದುಕೊಡುವುದು. ಒಂದು ರೀತಿಯಲ್ಲಿ ಇವತ್ತಿನ ಫೋಟೊಗ್ರಾಫರ್ ಕೆಲಸ. ಟರ್ನರ್ ತನ್ನದೇ ವಯಸ್ಸಿನ ಟಾಮ್ ಗರ್ಟಿನ್ ಎಂಬ ಗೆಳೆಯನ ಜೊತೆ ಮನ್ರೋ ಎಂಬ ವೈದ್ಯರ ಮನೆಗೆ ಸಂಜೆ ಹೊತ್ತು ಹೋಗುತ್ತಿದ್ದ. ಅಲ್ಲಿ ಬೇರೆಯವರ ಚಿತ್ರಗಳನ್ನು ನಕಲು ಮಾಡುವುದು. ಗರ್ಟಿನ್ ಗೆರೆ ಎಳೆದರೆ ಟರ್ನರ್ ಬಣ್ಣ ತುಂಬುತ್ತಿದ್ದ. ಕೈಗೆ ಒಂದಿಷ್ಟು ಕಾಸು, ರಾತ್ರಿಯ ಊಟ. ಗರ್ಟಿನ್ 1802ರಲ್ಲಿ 27 ವರ್ಷಕ್ಕೇ ತೀರಿಕೊಂಡ. ‘ಟಾಮ್ ಬದುಕಿದ್ದರೆ ನಾನು ಉಪವಾಸ ಬೀಳುತ್ತಿದ್ದೆ’ ಎಂದು ಟರ್ನರ್ ಆಮೇಲೆ ಹೇಳಿದನೆಂಬ ಮಾತಿದೆ.

ಈ ಕಾಲದಲ್ಲೇ ಅವನ ಕುಂಚಕ್ಕೆ ನಮ್ಮ ಶ್ರೀರಂಗಪಟ್ಟಣವೂ ಸಿಕ್ಕಿತು. 1799ರ ಮೇ 4ರಂದು ಕೋಟೆ ಬಿದ್ದು ಟಿಪ್ಪು ಸುಲ್ತಾನ ಸತ್ತ ಸುದ್ದಿ ಲಂಡನ್ನಿಗೆ ಮುಟ್ಟಿದಾಗ ಅಲ್ಲಿ ದೊಡ್ಡ ಗದ್ದಲವೇ ಎದ್ದಿತು. 1800ರಲ್ಲಿ ರಾಬರ್ಟ್ ಕರ್ ಪೋರ್ಟರ್ ಎಂಬ ಕಲಾವಿದ ಆ ಲಗ್ಗೆಯನ್ನು ಭಾರೀ ಗಾತ್ರದ ಪನೋರಮಾ ಮಾಡಿ ಜನರಿಗೆ ತೋರಿಸಿದ. ಅದೇ ಹೊತ್ತಿಗೆ ಟರ್ನರ್ ಕೂಡ ಶ್ರೀರಂಗಪಟ್ಟಣದ ಮುತ್ತಿಗೆಯನ್ನು ಜಲವರ್ಣದಲ್ಲಿ ಬರೆದ. ಲಂಡನ್‌ನ ಟೇಟ್ ಮ್ಯೂಸಿಯಂ ಸಂಗ್ರಹದಲ್ಲಿ ಅದು ಇದೆ. ಆದರೆ ಟರ್ನರ್ ಕಾವೇರಿಯನ್ನು ಕಂಡವನಲ್ಲ. ಭಾರತಕ್ಕೆ ಕಾಲೇ ಇಟ್ಟಿಲ್ಲ. ಅಲ್ಲಿ ಇದ್ದುಬಂದವರು ಗೀಚಿಕೊಂಡು ತಂದ ರೇಖಾಚಿತ್ರ ನೋಡಿ, ಲಂಡನ್ನಿನಲ್ಲೇ ಕೂತು ಬಣ್ಣ ಕಟ್ಟಿದ. ಆಗ ಇದು ಮೋಸವೆಂದು ಯಾರೂ ಭಾವಿಸುತ್ತಿರಲಿಲ್ಲ, ಕಸುಬಿನ ರೀತಿಯೇ ಹಾಗಿತ್ತು.

ತಾನು ಹೋಗಬಹುದಾದ ಜಾಗಗಳಿಗಂತೂ ಟರ್ನರ್ ಖುದ್ದಾಗಿ ಹೋದ. ಬೇಸಿಗೆ ಬಂತೆಂದರೆ ಜೇಬಿನಲ್ಲಿ ಸಣ್ಣ ಪುಸ್ತಕ, ಪೆನ್ಸಿಲ್ಲು. ವೇಲ್ಸ್, ಸ್ಕಾಟ್ಲೆಂಡ್, 1802ರಲ್ಲಿ ಆಲ್ಪ್ಸ್, 1819ರಲ್ಲಿ ಇಟಲಿ. ಸ್ಥಳದಲ್ಲಿ ಗೆರೆ ಮಾತ್ರ, ಬಣ್ಣ ಹೆಚ್ಚಾಗಿ ಮನೆಗೆ ಬಂದ ಮೇಲೆ.

ಅಕಾಡೆಮಿ ಮತ್ತು ದುಡ್ಡು

ರಾಯಲ್ ಅಕಾಡೆಮಿ 1768ರಲ್ಲಿ ಶುರುವಾದ ಕಲಾವಿದರ ಸಂಸ್ಥೆ. ಶಾಲೆಯೂ ಅದೇ, ಪ್ರತಿ ವರ್ಷ ನಡೆಯುವ ದೊಡ್ಡ ಪ್ರದರ್ಶನವೂ ಅದರದ್ದೇ. ಅಲ್ಲಿ ಸದಸ್ಯನಾದರೆ ಜೀವನಕ್ಕೆ ಒಂದು ನೆಲೆ ಸಿಕ್ಕಂತೆ. ಟರ್ನರ್ 1802ರಲ್ಲಿ, 26ನೇ ವಯಸ್ಸಿಗೇ ಪೂರ್ಣ ಸದಸ್ಯನಾದ. 1807ರಲ್ಲಿ ಪರ್ಸ್ಪೆಕ್ಟಿವ್ ಕಲಿಸುವ ಪ್ರಾಧ್ಯಾಪಕನೂ ಆದ. ರೈಲು ಹಳಿಗಳು ದೂರದಲ್ಲಿ ಒಂದಾದ ಹಾಗೆ ಕಾಣುತ್ತವಲ್ಲ, ಅದನ್ನು ಕಾಗದದ ಮೇಲೆ ತರುವ ಲೆಕ್ಕವೇ ಪರ್ಸ್ಪೆಕ್ಟಿವ್. ಟರ್ನರ್ ಪಾಠ ಮಾಡುವುದರಲ್ಲಿ ಬಹಳ ಹಿಂದೆ. ಮಾತು ಬಾಯೊಳಗೇ ಉಳಿಯುತ್ತಿತ್ತು. ಅವನು ತೋರಿಸುತ್ತಿದ್ದ ಚಿತ್ರಪಟಗಳು ಮಾತ್ರ ಚೆಂದ.

ಹಣ ಬಂದದ್ದು ಎರಡು ದಾರಿಯಿಂದ. ಒಂದು, ಶ್ರೀಮಂತರು ಕೊಳ್ಳುತ್ತಿದ್ದ ಚಿತ್ರಗಳು. ಇನ್ನೊಂದು ಅಚ್ಚು. ಕಲಾವಿದನ ಚಿತ್ರವನ್ನು ಕುಶಲಕರ್ಮಿಗಳು ತಾಮ್ರದ ತಗಡಿನ ಮೇಲೆ, ಆಮೇಲಾಮೇಲೆ ಉಕ್ಕಿನ ತಗಡಿನ ಮೇಲೆ ಗೆರೆ ಗೆರೆಯಾಗಿ ಕೊರೆಯುತ್ತಾರೆ. ಅದಕ್ಕೆ ಮಸಿ ತುಂಬಿ ಕಾಗದದ ಮೇಲೆ ಒತ್ತಿದರೆ ಒಂದರಿಂದ ಸಾವಿರ ಪ್ರತಿ. ರವಿವರ್ಮನ ಲಕ್ಷ್ಮಿ, ಸರಸ್ವತಿ ನಮ್ಮ ದೇವರಮನೆಗಳಿಗೆ ಬಂದದ್ದೂ ಅಚ್ಚಿನಿಂದಲೇ. ಟರ್ನರ್‌ನ ಬೆಟ್ಟ, ಬಂದರುಗಳು ಸಾಮಾನ್ಯರ ಮನೆಗೆ ಹಾಗೆಯೇ ತಲುಪಿದವು. ಕೊರೆಯುವವರ ಹಿಂದೆ ಬಿದ್ದು, ಪ್ರತಿ ಪ್ರೂಫಿನ ಮೇಲೂ ಗೀಚಿ ತಿದ್ದುತ್ತಿದ್ದ. ದುಡ್ಡಿನ ವಿಷಯದಲ್ಲಿ ಮಹಾ ಬಿಗಿ.

ಸಾಲು: ‘ಆದ್ದರಿಂದ ಬೆಳಕೇ ಬಣ್ಣ’

ನೋಟಿನ ಮೇಲೆ ಇಂಗ್ಲಿಷಿನಲ್ಲಿ ಇರುವ ಸಾಲಿನ ಅರ್ಥ ಇದು. 1818ರ ಒಂದು ಉಪನ್ಯಾಸದಲ್ಲಿ ಟರ್ನರ್ ಹೇಳಿದ್ದು. ಇದೊಂದನ್ನು ಅರ್ಥಮಾಡಿಕೊಂಡರೆ ಟರ್ನರ್ ಅರ್ಧ ಅರ್ಥವಾದಂತೆ.

ಮನೆಗೆ ಬಣ್ಣ ಹೊಡೆಸುವಾಗ ಪೇಂಟರ್ ಏನು ಮಾಡುತ್ತಾನೆ? ಸಿಮೆಂಟಿನ ಗೋಡೆಗೆ ನೇರವಾಗಿ ಹಳದಿ ಹೊಡೆಯುವುದಿಲ್ಲ. ಹೊಡೆದರೆ ಮಂಕಾಗಿ ಕಾಣುತ್ತದೆ. ಮೊದಲು ಬಿಳಿ ಪ್ರೈಮರ್, ಅದರ ಮೇಲೆ ಹಳದಿ. ಆಗ ಗೋಡೆ ಹೊಳೆಯುತ್ತದೆ. ಕೆಳಗಿರುವ ಬಿಳಿ ಬೆಳಕನ್ನು ವಾಪಸ್ ಕಳಿಸುತ್ತದೆ, ಅದಕ್ಕೆ.

ತೈಲವರ್ಣದ ಹಳೆಯ ಪದ್ಧತಿಯಲ್ಲಿ ಕ್ಯಾನ್ವಾಸಿಗೆ ಮೊದಲು ಕಂದು ಅಥವಾ ಮಬ್ಬು ಬಣ್ಣದ ಲೇಪ ಹಾಕುವುದು ರೂಢಿ. ಕತ್ತಲೆಯಿಂದ ಶುರು ಮಾಡಿ, ಬೇಕಾದ ಕಡೆ ಬೆಳಕು ಹಚ್ಚುತ್ತ ಬರುವುದು. ಜಲವರ್ಣದಲ್ಲಿ ಇದು ತಿರುಗುಮುರುಗು. ಅಲ್ಲಿ ಕಾಗದದ ಬಿಳುಪೇ ಬೆಳಕು. ಮೋಡ ಬಿಳಿಯಾಗಿ ಕಾಣಬೇಕಾದರೆ ಅಲ್ಲಿ ಬಣ್ಣ ಹಚ್ಚದೆ ಬಿಟ್ಟರೆ ಆಯಿತು. ಉಳಿದ ಕಡೆ ತೆಳು ಬಣ್ಣದ ಮೂಲಕ ಕಾಗದ ಇಣುಕುತ್ತಿರುತ್ತದೆ.

ಚಿಕ್ಕಂದಿನಿಂದ ಜಲವರ್ಣದಲ್ಲಿ ಪಳಗಿದ ಟರ್ನರ್ ಅದೇ ಉಪಾಯವನ್ನು ಎಣ್ಣೆ ಬಣ್ಣಕ್ಕೆ ತಂದ. ಕ್ಯಾನ್ವಾಸಿಗೆ ಬಿಳಿ ಲೇಪ, ಅದರ ಮೇಲೆ ತೆಳುವಾದ ಪದರಗಳು. ಸೂರ್ಯ ಇರುವ ಕಡೆ ಮಾತ್ರ ದಪ್ಪಗೆ, ಉಬ್ಬುವಷ್ಟು ಬಣ್ಣ. ಜಾರ್ಜ್ ಬ್ಯೂಮಾಂಟ್ ಎಂಬ ಪ್ರಭಾವಿ ಕಲಾಪ್ರೇಮಿಗೆ ಇದು ಸ್ವಲ್ಪವೂ ಹಿಡಿಸಲಿಲ್ಲ. ಅವನ ಬಾಯಲ್ಲಿ ಟರ್ನರ್ ಮತ್ತು ಅವನ ದಾರಿ ಹಿಡಿದವರು ‘ಬಿಳಿ ಚಿತ್ರಕಾರರು’ ಆದರು. ಅದು ಹೊಗಳಿಕೆಯಲ್ಲ, ಬೈಗುಳ.

19ನೇ ಶತಮಾನದ ಮೊದಲ ಭಾಗದಲ್ಲಿ ಕ್ರೋಮ್ ಹಳದಿ ಎಂಬ ಹೊಸ ಬಣ್ಣ ಬಂತು. ಟರ್ನರ್ ಅದನ್ನು ಧಾರಾಳವಾಗಿ ಬಳಸಿದ. ಅವನಿಗೆ ‘ಹಳದಿ ಜ್ವರ’ ಹಿಡಿದಿದೆ ಎಂದು ಪತ್ರಿಕೆಗಳವರು ಆಡಿಕೊಂಡರು. ಕಾಮಾಲೆ ಕಣ್ಣಿಗೆ ಲೋಕವೆಲ್ಲ ಹಳದಿ ಎಂಬ ನಮ್ಮ ಮಾತು ಅವರಿಗೆ ಗೊತ್ತಿದ್ದರೆ ಅದನ್ನೂ ಬಿಡುತ್ತಿರಲಿಲ್ಲವೇನೋ. ಅವನು ಬಳಸಿದ ಕೆಲವು ಕೆಂಪುಗಳು ಬೇಗ ಮಾಸುವಂಥವು. ಹಾಗಾಗಿ ಇವತ್ತು ನಾವು ನೋಡುವ ಅವನ ಕೆಲವು ಸೂರ್ಯಾಸ್ತಗಳು ಅವನು ಬರೆದಾಗ ಇನ್ನೂ ಕೆಂಪಗಿದ್ದವು.

ಗೋಡೆಯ ಮೇಲೇ ಮುಗಿಯುತ್ತಿದ್ದ ಚಿತ್ರಗಳು

ಪ್ರದರ್ಶನ ತೆರೆಯುವ ಮೊದಲು ಅಕಾಡೆಮಿಯ ಸದಸ್ಯರಿಗೆ ಕೆಲವು ದಿನ ಬಿಡುವು ಸಿಗುತ್ತಿತ್ತು. ನೇತುಹಾಕಿದ ಚಿತ್ರಕ್ಕೆ ವಾರ್ನಿಷ್ ಬಳಿದುಕೊಳ್ಳಲಿ ಎಂದು. ಗೋಡೆಯ ತುಂಬ, ನೆಲದಿಂದ ಸೂರಿನವರೆಗೆ, ಒಂದಕ್ಕೊಂದು ಅಂಟಿಕೊಂಡು ಚಿತ್ರಗಳು. ಸಂತೆಯಲ್ಲಿ ಜೋರಾಗಿ ಕೂಗಿದವನ ಕಡೆಗೇ ಜನ ತಿರುಗುವುದು. ಟರ್ನರ್‌ಗೆ ಇದು ಚೆನ್ನಾಗಿ ಗೊತ್ತಿತ್ತು.

1832ರಲ್ಲಿ ಅವನ ಬೂದುಬಣ್ಣದ ಒಂದು ಸಮುದ್ರಚಿತ್ರದ ಪಕ್ಕದಲ್ಲಿ ಜಾನ್ ಕಾನ್‌ಸ್ಟೇಬಲ್‌ನ ಚಿತ್ರ ಬಂತು. ಕಾನ್‌ಸ್ಟೇಬಲ್ ಇವನಿಗಿಂತ ಒಂದು ವರ್ಷ ಚಿಕ್ಕವನು, ಇಂಗ್ಲೆಂಡಿನ ಹೊಲ, ಗಿರಣಿ, ಮೋಡಗಳನ್ನು ಬರೆದು ಹೆಸರಾದ ಇನ್ನೊಬ್ಬ ದೊಡ್ಡ ನಿಸರ್ಗಚಿತ್ರಕಾರ. ವಾಟರ್ಲೂ ಸೇತುವೆ ತೆರೆದ ದಿನದ ಆ ಚಿತ್ರಕ್ಕಾಗಿ ಅವನು ಹತ್ತಾರು ವರ್ಷ ಒದ್ದಾಡಿದ್ದ. ಅದರ ತುಂಬ ಕೆಂಪು, ಬಂಗಾರ. ಟರ್ನರ್ ಬಂದ, ಎರಡೂ ಚಿತ್ರ ನೋಡಿದ. ತನ್ನ ಬೂದು ಸಮುದ್ರದ ಮೇಲೆ ನಾಣ್ಯದಷ್ಟು ಅಗಲದ ಒಂದು ಕೆಂಪು ಚುಕ್ಕೆ ಇಟ್ಟು, ಮಾತಾಡದೆ ಹೋದ. ಅಷ್ಟೂ ಬೂದಿನ ನಡುವೆ ಆ ಒಂದು ಕೆಂಪು ಪಕ್ಕದ ಚಿತ್ರದ ಕೆಂಪನ್ನೆಲ್ಲ ನುಂಗಿಹಾಕಿತು. ‘ಇಲ್ಲಿಗೆ ಬಂದು ಗುಂಡು ಹಾರಿಸಿ ಹೋಗಿದ್ದಾನೆ’ ಎಂದ ಕಾನ್‌ಸ್ಟೇಬಲ್. ಕೊನೆಯ ಗಳಿಗೆಯಲ್ಲಿ ಟರ್ನರ್ ವಾಪಸ್ ಬಂದು ಆ ಚುಕ್ಕೆಯನ್ನು ಬೋಯ್, ಅಂದರೆ ಹಡಗುಗಳಿಗೆ ಗುರುತಾಗಿ ನೀರಿನ ಮೇಲೆ ತೇಲಿಬಿಡುವ ಡಬ್ಬಿ, ಆಗಿ ತಿದ್ದಿದ.

1834ರ ಅಕ್ಟೋಬರ್ 16ರ ರಾತ್ರಿ ಬ್ರಿಟಿಷ್ ಪಾರ್ಲಿಮೆಂಟ್ ಕಟ್ಟಡ ಹೊತ್ತಿ ಉರಿಯಿತು. ಟರ್ನರ್ ಆ ಬೆಂಕಿಯನ್ನು ಕಣ್ಣಾರೆ ಕಂಡವನು. ಮುಂದಿನ ವರ್ಷ ಬೇರೊಂದು ಸಂಸ್ಥೆಯ ಪ್ರದರ್ಶನಕ್ಕೆ ಅವನು ಕಳಿಸಿದ ಕ್ಯಾನ್ವಾಸಿನಲ್ಲಿ ಬಣ್ಣದ ಮಬ್ಬು ಬಿಟ್ಟರೆ ಏನೂ ಇರಲಿಲ್ಲವಂತೆ. ಬೆಳಗ್ಗೆ ಬಂದು, ಎಲ್ಲರ ಎದುರಿಗೆ, ಗೋಡೆಗೆ ಮೂಗು ತಾಗುವಷ್ಟು ಹತ್ತಿರ ನಿಂತು ಉರಿಯುವ ಪಾರ್ಲಿಮೆಂಟನ್ನು ಬರೆದ. ಮುಗಿದ ಮೇಲೆ ಪೆಟ್ಟಿಗೆ ಮುಚ್ಚಿ, ಹಿಂದಕ್ಕೆ ಸರಿದು ಒಮ್ಮೆ ನೋಡುವುದನ್ನೂ ಮಾಡದೆ ಹೊರಟುಹೋದ.

ಹಡಗು: ಕೊನೆಯ ಪಯಣ

ನೋಟಿನಲ್ಲಿ ಅವನ ಹಿಂದೆ ಕಾಣುವುದು ‘ಟೆಮೆರೇರ್’ ಎಂಬ ಯುದ್ಧನೌಕೆ. 98 ತೋಪುಗಳಿದ್ದ ಹಾಯಿಹಡಗು, 1805ರಲ್ಲಿ ನೆಪೋಲಿಯನ್ ಪಡೆಯ ವಿರುದ್ಧ ಟ್ರಫಾಲ್ಗರ್ ಸಮರದಲ್ಲಿ ಹೋರಾಡಿತ್ತು. 1838ರಲ್ಲಿ ಅದನ್ನು ಒಡೆದು ಮಾರಲು ಥೇಮ್ಸ್ ನದಿಯಲ್ಲಿ ಎಳೆದುಕೊಂಡು ಹೋದರು. 1839ರಲ್ಲಿ ಟರ್ನರ್ ಅದನ್ನು ಬರೆದ. ಬೆಳ್ಳಗೆ, ದೆವ್ವದ ಹಾಗೆ ತೇಲುವ ಹಳೆಯ ಹಡಗು. ಅದನ್ನು ಎಳೆಯುವ, ಹೊಗೆ ಉಗುಳುವ ಗಿಡ್ಡ ಕಪ್ಪು ಉಗಿದೋಣಿ. ಆಚೆ ಮುಳುಗುವ ಸೂರ್ಯ.

ನಿಜವಾಗಿ ಆ ಹೊತ್ತಿಗೆ ಹಡಗಿನ ಕಂಬಗಳನ್ನು ಕಿತ್ತಾಗಿತ್ತು. ಎಳೆದ ಉಗಿದೋಣಿಗಳು ಎರಡು. ಟರ್ನರ್ ಕಂಬಗಳನ್ನು ಮತ್ತೆ ನಿಲ್ಲಿಸಿದ, ಒಂದು ಉಗಿದೋಣಿಯನ್ನು ಕೈಬಿಟ್ಟ. ಬಂಗಲೆಗಳನ್ನು ಇದ್ದಹಾಗೇ ಬರೆದುಕೊಡುತ್ತಿದ್ದ ಹುಡುಗ ಎಲ್ಲಿಂದ ಎಲ್ಲಿಗೆ ಬಂದ ನೋಡಿ. ಈ ಚಿತ್ರವನ್ನು ‘ನನ್ನ ಮುದ್ದು’ ಎಂದು ಕರೆಯುತ್ತಿದ್ದ, ಎಷ್ಟು ಕೇಳಿದರೂ ಮಾರಲಿಲ್ಲ.

ಮರುವರ್ಷ, 1840ರಲ್ಲಿ, ಅವನು ತೋರಿಸಿದ ಇನ್ನೊಂದು ಹಡಗು ಬೇರೆ ಥರದ್ದು. ಕೆಂಪು ಆಕಾಶ, ಕುದಿಯುವ ಸಮುದ್ರ, ನೀರಿನಲ್ಲಿ ಸಂಕೋಲೆ ತೊಟ್ಟ ಕೈಕಾಲುಗಳು. 1781ರಲ್ಲಿ ‘ಜಾಂಗ್’ ಎಂಬ ಹಡಗಿನವರು ವಿಮೆ ಹಣದ ಆಸೆಗೆ ನೂರಕ್ಕೂ ಹೆಚ್ಚು ಗುಲಾಮರನ್ನು ಜೀವಂತ ಸಮುದ್ರಕ್ಕೆ ಎಸೆದಿದ್ದರು. ಆ ಪಾತಕದ ನೆನಪು ಈ ಚಿತ್ರದ ಹಿಂದಿದೆ. ಇದೇ ಟರ್ನರ್ 1805ರಲ್ಲಿ, ಗುಲಾಮರ ದುಡಿಮೆಯಿಂದ ನಡೆಯುವ ಜಮೈಕಾದ ಒಂದು ಜಮೀನಿನ ಯೋಜನೆಯಲ್ಲಿ 100 ಪೌಂಡ್ ಹೂಡಿದ್ದ. ಎರಡೂ ನಿಜ.

‘ಸೋಪಿನ ನೊರೆ’

ಕೊನೆಯ ಹದಿನೈದು ವರ್ಷಗಳಲ್ಲಿ ವಸ್ತುಗಳ ಅಂಚು ಕರಗುತ್ತ ಹೋಯಿತು. 1842ರ ಹಿಮಗಾಳಿಯ ಚಿತ್ರದಲ್ಲಿ ಹಡಗು ಯಾವುದು, ಅಲೆ ಯಾವುದು ಎಂದು ಗೊತ್ತಾಗಲು ಸ್ವಲ್ಪ ಹೊತ್ತು ಬೇಕು. ಹಡಗಿನ ಕಂಬಕ್ಕೆ ತನ್ನನ್ನು ಕಟ್ಟಿಹಾಕಿಸಿಕೊಂಡು ನಾಲ್ಕು ಗಂಟೆ ಬಿರುಗಾಳಿ ನೋಡಿದೆ ಎಂದು ಟರ್ನರ್ ಹೇಳಿಕೊಂಡ. ಆಗ ಅವನಿಗೆ 67ರ ಹತ್ತಿರ. ಇದನ್ನು ಅನುಮಾನಿಸುವವರೇ ಜಾಸ್ತಿ. ವಿಮರ್ಶಕರು ‘ಸೋಪಿನ ನೊರೆ, ಸುಣ್ಣದ ನೀರು’ ಎಂದು ಆಡಿಕೊಂಡರು. ‘ಸಮುದ್ರ ಹೇಗಿರುತ್ತೆ ಅಂದುಕೊಂಡಿದ್ದಾರೆ ಇವರು?’ ಎಂದು ಟರ್ನರ್ ಗೊಣಗಿದನಂತೆ. ಅವನ ಪರವಾಗಿ ನಿಂತವನು ಜಾನ್ ರಸ್ಕಿನ್ ಎಂಬ ಯುವ ಬರಹಗಾರ. ಟರ್ನರ್ ಯಾಕೆ ಸರಿ ಎಂದು ತೋರಿಸಲು 1843ರಿಂದ ಸಂಪುಟಗಟ್ಟಲೆ ಬರೆದ.

1844ರ ಚಿತ್ರದಲ್ಲಿ ಮಳೆಯೊಳಗಿಂದ ಸೇತುವೆಯ ಮೇಲೆ ರೈಲು ನುಗ್ಗಿ ಬರುತ್ತದೆ. ಭಾರತದಲ್ಲಿ ಮೊದಲ ಪ್ರಯಾಣಿಕರ ರೈಲು ಓಡಲು ಇನ್ನೂ 9 ವರ್ಷವಿತ್ತು. ಎಂಜಿನ್ನಿನ ಮುಂದೆ, ಹಳಿಯ ಮೇಲೆ ಒಂದು ಮೊಲ ಓಡುತ್ತಿದೆ. ಈಗ ಬಣ್ಣ ಮಾಸಿ ಅದು ಕಾಣುವುದೇ ಕಷ್ಟ.

ಇಂಥ ಚಿತ್ರ ನೋಡುವಾಗ ‘ಇದೇನು’ ಎಂದು ವಸ್ತು ಹುಡುಕಲು ಹೋಗಬೇಡಿ. ಬೆಳಕು ಎಲ್ಲಿಂದ ಬರುತ್ತಿದೆ ಎಂದು ಮೊದಲು ಹುಡುಕಿ. ಮಳೆಯೋ ಮಂಜೋ ಹೊಗೆಯೋ ನೋಡಿ. ವಸ್ತುಗಳು ತಾವಾಗಿ ಬರುತ್ತವೆ. ಇನ್ನೊಂದು ಎಚ್ಚರಿಕೆ: ಬರೀ ಬಣ್ಣದ ಮಂಜಿನಂತೆ ಕಾಣುವ ಅವನ ಎಷ್ಟೋ ಚಿತ್ರಗಳು ಮುಗಿದವಲ್ಲ. ಅವನ್ನು ಅವನು ಯಾರಿಗೂ ತೋರಿಸಿರಲಿಲ್ಲ. 20ನೇ ಶತಮಾನದಲ್ಲಿ ಅವು ಹೊರಬಂದಾಗ ಜನ ‘ಎಷ್ಟು ಆಧುನಿಕ!’ ಎಂದರು.

ಸಹಿ: ಒಂದು ಉಯಿಲು

ಟರ್ನರ್ ಕೊನೆಯ ವರ್ಷಗಳನ್ನು ಕಳೆದದ್ದು ಚೆಲ್ಸಿಯಲ್ಲಿ, ಥೇಮ್ಸ್ ದಂಡೆಯ ಒಂದು ಸಣ್ಣ ಮನೆಯಲ್ಲಿ, ಸೋಫಿಯಾ ಬೂತ್ ಎಂಬ ವಿಧವೆಯ ಜೊತೆ. ಅಕ್ಕಪಕ್ಕದವರಿಗೆ ಅವನು ಚಿತ್ರಕಾರನೆಂದೇ ಗೊತ್ತಿರಲಿಲ್ಲ. ನಿವೃತ್ತ ನೌಕಾಧಿಕಾರಿ ಅಂದುಕೊಂಡು ‘ಅಡ್ಮಿರಲ್ ಬೂತ್’ ಎನ್ನುತ್ತಿದ್ದರು. 1851ರ ಡಿಸೆಂಬರ್ 19ರಂದು ಅಲ್ಲೇ ತೀರಿಕೊಂಡ. ಸೇಂಟ್ ಪಾಲ್ ಕ್ಯಾಥೆಡ್ರಲ್‌ನಲ್ಲಿ ಮಣ್ಣು ಮಾಡಿದರು.

ನೋಟಿನ ಮೇಲಿರುವ ಸಹಿಯನ್ನು ತೆಗೆದುಕೊಂಡದ್ದು ಅವನ ಉಯಿಲಿನಿಂದ. ಕೈ ಬಿಗಿ ಎಂದು ಹೆಸರಾದವನು ತನ್ನ ಹಣದ ದೊಡ್ಡ ಪಾಲನ್ನು ವಯಸ್ಸಾದ, ಗತಿಯಿಲ್ಲದ ಕಲಾವಿದರಿಗೆ ಮನೆ ಕಟ್ಟಲು ಬಿಟ್ಟಿದ್ದ. ಮುಗಿದ ಚಿತ್ರಗಳು ದೇಶಕ್ಕೆ. ನೆಂಟರು ಕೋರ್ಟಿಗೆ ಹೋದರು. 1856ರಲ್ಲಿ ರಾಜಿಯಾಯಿತು: ಹಣದ ಬಹುಪಾಲು ನೆಂಟರಿಗೆ, ಚಿತ್ರಗಳು ದೇಶಕ್ಕೆ. ಕಲಾವಿದರ ಮನೆ ಏಳಲೇ ಇಲ್ಲ. ಆದರೆ ಮುಗಿದದ್ದು, ಮುಗಿಯದ್ದು ಎನ್ನದೆ ಎಲ್ಲವೂ ದೇಶಕ್ಕೆ ಸಿಕ್ಕಿತು: ಸುಮಾರು 300 ತೈಲವರ್ಣ, 30,000ದಷ್ಟು ರೇಖಾಚಿತ್ರ ಮತ್ತು ಜಲವರ್ಣ. ಅದರ ಹೆಚ್ಚಿನ ಭಾಗ ಇರುವುದು ಲಂಡನ್ನಿನ ಟೇಟ್ ಬ್ರಿಟನ್‌ನಲ್ಲಿ, ಅದಕ್ಕೆಂದೇ 1987ರಲ್ಲಿ ತೆರೆದ ವಿಭಾಗದಲ್ಲಿ. ಟೆಮೆರೇರ್ ಮತ್ತು ರೈಲಿನ ಚಿತ್ರಗಳು ನ್ಯಾಷನಲ್ ಗ್ಯಾಲರಿಯಲ್ಲಿವೆ. ಎರಡು ಕಡೆಯೂ ಕಾಯಂ ಸಂಗ್ರಹ ನೋಡಲು ಟಿಕೆಟ್ ಇಲ್ಲ.

ಉಯಿಲಿನಲ್ಲಿ ಇನ್ನೊಂದು ಷರತ್ತಿತ್ತು. ಹುಡುಗನಾಗಿದ್ದಾಗ ಟರ್ನರ್ ಒಬ್ಬ ಶ್ರೀಮಂತರ ಮನೆಯಲ್ಲಿ ಕ್ಲಾಡ್ ಲೊರೈನ್ ಎಂಬ 17ನೇ ಶತಮಾನದ ಚಿತ್ರಕಾರನ ಬಂದರಿನ ಚಿತ್ರ ನೋಡಿ ಅತ್ತುಬಿಟ್ಟನಂತೆ. ಯಾಕೆ ಎಂದು ಕೇಳಿದರೆ, ‘ಇಂಥದ್ದು ನನ್ನಿಂದ ಎಂದಿಗೂ ಆಗುವುದಿಲ್ಲ’ ಎಂದನಂತೆ. ಸಾಯುವಾಗ ತನ್ನ ಎರಡು ಚಿತ್ರಗಳನ್ನು ನ್ಯಾಷನಲ್ ಗ್ಯಾಲರಿಗೆ ಕೊಟ್ಟ, ಕ್ಲಾಡ್‌ನ ಎರಡು ಚಿತ್ರಗಳ ಪಕ್ಕದಲ್ಲೇ ತೂಗುಹಾಕಬೇಕೆಂಬ ಷರತ್ತಿನ ಮೇಲೆ. ನಾಲ್ಕೂ ಚಿತ್ರಗಳು ಈಗಲೂ ಅಲ್ಲಿ ಒಂದೇ ಕೋಣೆಯಲ್ಲಿವೆ.